ಬಸ್ಸು ಹೊರಡುವ ಮುನ್ನ



ಓಣಂ ಪರೀಕ್ಷೆ ಮುಗಿದು ಕ್ರಿಸ್ಮಸ್ ರಜೆ ಹತ್ತಿರ ಬರುತ್ತಿದ್ದಂತೆ ನಮ್ಮ ಮನೆಗಳಿಗೆ ಶಾಲೆಯಿಂದ ಒಂದು ಚೀಟಿ ಬರುತ್ತದೆ. ಮೇಲೆ ‘ಶೈಕ್ಷಣಿಕ ಪ್ರವಾಸ’ ಎಂಬ ಶೀರ್ಷಿಕೆ, ಕೆಳಗೆ ಜಾಗಗಳ ಉದ್ದನೆಯ ಪಟ್ಟಿ, ಕೊನೆಯಲ್ಲಿ ಹಣದ ಲೆಕ್ಕ, ಅದರಡಿ ತಂದೆತಾಯಿಯ ಸಹಿಗೆ ಒಂದು ಗೆರೆ. ಚೀಟಿ ಕೈಗೆ ಬಂದಾಗ ನಾವು ಸಾಮಾನ್ಯವಾಗಿ ಎರಡೇ ಪ್ರಶ್ನೆ ಕೇಳುತ್ತೇವೆ. ‘ಎಷ್ಟು ಹಣ?’ ‘ಯಾವಾಗ ವಾಪಸು?’ ಎರಡೂ ಬೇಕಾದ ಪ್ರಶ್ನೆಗಳೇ. ಆದರೆ ಚೀಟಿಯ ಮೇಲಿರುವ ‘ಶೈಕ್ಷಣಿಕ’ ಎಂಬ ಮಾತಿನ ಬಗ್ಗೆ ಯಾರೂ ಕೇಳುವುದಿಲ್ಲ. ಮಗು ಅಲ್ಲಿ ಏನು ನೋಡುತ್ತದೆ, ಏನು ಕಲಿತು ಬರುತ್ತದೆ ಎಂಬ ಮೂರನೆಯ ಪ್ರಶ್ನೆ ಹಾಗೆಯೇ ಉಳಿದುಬಿಡುತ್ತದೆ. ಈ ತಿಂಗಳು ಆ ಪ್ರಶ್ನೆಯ ಬಗ್ಗೆ ನಿಮ್ಮೊಂದಿಗೆ ಸ್ವಲ್ಪ ಮಾತಾಡಬೇಕೆಂದಿದ್ದೇನೆ.

ಇತ್ತೀಚೆಗೆ ಒಬ್ಬ ಹುಡುಗ ಇಂಥ ಒಂದು ಚೀಟಿಯನ್ನು ನನಗೆ ತೋರಿಸಿದ. ಮೂರು ದಿನಗಳ ಪ್ರವಾಸ. ಮೈಸೂರು ಅರಮನೆ, ಮೃಗಾಲಯ, ಶ್ರೀರಂಗಪಟ್ಟಣ, ಬೃಂದಾವನ, ಶ್ರವಣಬೆಳಗೊಳ, ಹಳೇಬೀಡು, ಬೇಲೂರು, ಇವುಗಳ ನಡುವೆ ಒಂದು ನೀರಾಟದ ಪಾರ್ಕು. ನಾನು ಅವನ ಜತೆ ಕುಳಿತು ಲೆಕ್ಕ ಹಾಕಿದೆ. ಕಾಸರಗೋಡಿನಿಂದ ಮೈಸೂರಿಗೆ ಹೋಗುವುದಕ್ಕೇ ಒಂದು ಹಗಲು ಬೇಕು, ಬೇಲೂರಿನಿಂದ ಘಟ್ಟ ಇಳಿದು ಊರು ಸೇರಲು ಅರ್ಧ ದಿನ ಬೇಕು. ಊಟ, ತಿಂಡಿ, ಸ್ನಾನ, ನಿದ್ದೆ ಕಳೆದರೆ ಉಳಿಯುವ ಸಮಯವನ್ನು ಎಂಟು ಜಾಗಗಳಿಗೆ ಹಂಚಬೇಕು. ನೀರಾಟದ ಪಾರ್ಕಿಗೆ ಅರ್ಧ ದಿನವನ್ನು ಮೊದಲೇ ಗೊತ್ತುಮಾಡಿದ್ದರು. ಬೇಲೂರಿಗೆ ಸಿಕ್ಕಿದ್ದು ನಲವತ್ತು ನಿಮಿಷ. ಚೆನ್ನಕೇಶವ ದೇವಾಲಯ 1117ರಲ್ಲಿ ಆರಂಭವಾದದ್ದು. ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳನ್ನು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಜಗತ್ತಿನ ಮೂಲೆಮೂಲೆಯಿಂದ ಜನ ಅದನ್ನು ನೋಡಲು ಬರುತ್ತಾರೆ. ನಮ್ಮ ಮಕ್ಕಳಿಗೆ ನಲವತ್ತು ನಿಮಿಷ! ಅದರಲ್ಲೂ ಅರ್ಧ ಸಮಯ ಚಪ್ಪಲಿ ಬಿಡುವುದಕ್ಕೆ, ಸಾಲು ನಿಲ್ಲುವುದಕ್ಕೆ, ಗುಂಪು ಫೋಟೋ ತೆಗೆಯುವುದಕ್ಕೆ ಹೋಗುತ್ತದೆ.

ಹಾಗೆಂದು ಮಕ್ಕಳು ಆಟವಾಡಬಾರದು ಎಂದು ನಾನು ಹೇಳುತ್ತಿಲ್ಲ. ಬಸ್ಸಿನಲ್ಲಿ ಹಾಡಬೇಕು, ಕಿಟಕಿಯ ಸೀಟಿಗೆ ಜಗಳವಾಡಬೇಕು, ಚುರುಮುರಿ ತಿನ್ನಬೇಕು. ಅದೆಲ್ಲ ಪ್ರವಾಸದ ಭಾಗವೇ. ಆದರೆ ಆಟಕ್ಕೆ ಆಟವೆಂದೂ ಪಾಠಕ್ಕೆ ಪಾಠವೆಂದೂ ಹೆಸರಿಡೋಣ. ಚರಿತ್ರೆಯ ಜಾಗಕ್ಕೆ ಕರೆದುಕೊಂಡು ಹೋಗುವುದಾದರೆ ಅಲ್ಲಿ ಮಗು ನಿಂತು ನೋಡುವಷ್ಟು ಸಮಯವಿರಲಿ. ನನ್ನ ಮಾತು ಇಷ್ಟೇ: ಹತ್ತಿರದ ಜಾಗ, ಕಡಿಮೆ ಜಾಗ, ಸರಿಯಾದ ತಯಾರಿ. ಹೀಗೆ ಹೋದರೆ ಮಗು ಕಲಿಯುತ್ತದೆ, ಎಲ್ಲ ಮಕ್ಕಳೂ ಬರಬಹುದು, ಎಲ್ಲರೂ ಕ್ಷೇಮವಾಗಿ ಮನೆಗೆ ಮರಳುತ್ತಾರೆ.

ನಮ್ಮ ಅಂಗಳದ ಕೋಟೆ

ಬೇಕಲ ಕೋಟೆ ನಮಗೆ ಅರ್ಧ ಗಂಟೆಯ ದಾರಿ. ಅಷ್ಟು ಹತ್ತಿರವಿರುವುದರಿಂದಲೇ ಅದು ನಮಗೆ ಸಸಾರ. ನೆಂಟರು ಬಂದಾಗ ಸಂಜೆ ಗಾಳಿಗೆ ಕರೆದುಕೊಂಡು ಹೋಗುವ ಜಾಗ. 1995ರ ‘ಬಾಂಬೆ’ ಎಂಬ ತಮಿಳು ಸಿನಿಮಾದ ಹಾಡೊಂದನ್ನು ಅಲ್ಲಿ ಚಿತ್ರೀಕರಿಸಿದ ಮೇಲೆ ದೂರದವರಿಗೂ ಅದರ ಗುರುತಾಯಿತು. ಆದರೆ ಆ ಕೋಟೆಯನ್ನು ಕಟ್ಟಿದವರು ಯಾರು ಎಂದು ನಮ್ಮ ಮಕ್ಕಳನ್ನು ಕೇಳಿ ನೋಡಿ. ಹೆಚ್ಚಿನವರು ಟಿಪ್ಪು ಎನ್ನುತ್ತಾರೆ.

ಅದನ್ನು ಕಟ್ಟಿಸಿದವನು ಕೆಳದಿಯ ಶಿವಪ್ಪ ನಾಯಕ, ಸುಮಾರು 1650ರಲ್ಲಿ. ಕೆಳದಿ ಇರುವುದು ಈಗಿನ ಶಿವಮೊಗ್ಗ ಜಿಲ್ಲೆಯಲ್ಲಿ. ಮಲೆನಾಡಿನ ಅರಸನಿಗೆ ಇಷ್ಟು ದೂರ ಬಂದು ಕಡಲ ತೀರದಲ್ಲಿ ಕೋಟೆ ಕಟ್ಟುವ ಅಗತ್ಯವೇನಿತ್ತು? ಮಕ್ಕಳ ಮುಂದೆ ಈ ಒಂದು ಪ್ರಶ್ನೆ ಇಟ್ಟರೆ ಸಾಕು, ಅರ್ಧ ಚರಿತ್ರೆ ತೆರೆದುಕೊಳ್ಳುತ್ತದೆ. ಕಡಲು, ಬಂದರು, ಕರಿಮೆಣಸು, ಅಕ್ಕಿ, ಹಡಗು, ಸುಂಕ, ಪರದೇಶದ ವ್ಯಾಪಾರಿಗಳು ಎಲ್ಲರೂ ಬರುತ್ತಾರೆ. ಕರಾವಳಿ ಯಾರ ಕೈಯಲ್ಲಿದೆಯೋ ವ್ಯಾಪಾರ ಅವರ ಕೈಯಲ್ಲಿ. ಚಂದ್ರಗಿರಿ ಹೊಳೆಯ ದಡದ ಕೋಟೆಯೂ ಶಿವಪ್ಪ ನಾಯಕನ ಕಾಲದ್ದೇ. ಕಾಞಂಗಾಡಿನ ಪಕ್ಕದ ಹೊಸದುರ್ಗವನ್ನು ಕಟ್ಟಿದವರೂ ಅದೇ ಮನೆತನದ ಅರಸರು. ‘ಹೊಸದುರ್ಗ’ ಎಂದರೆ ಹೊಸ ಕೋಟೆ. ದಿನಾ ಬಸ್ಸಿನ ಬೋರ್ಡಿನಲ್ಲಿ ಓದುವ ಆ ಹೆಸರಿನ ಅರ್ಥ ಯಾರಾದರೂ ಹೇಳಿಕೊಟ್ಟ ದಿನ ಮಗುವಿನ ಮುಖ ಅರಳುವುದನ್ನು ನೋಡಬೇಕು.

ಕೋಟೆಯೊಳಗೆ ಹೋದ ಮೇಲೂ ಪ್ರಶ್ನೆಗಳೇ ದಾರಿ ತೋರಿಸಲಿ. ಗೋಡೆಗೆ ಯಾವ ಕಲ್ಲು ಬಳಸಿದ್ದಾರೆ? ನಮ್ಮ ಮನೆಗಳಿಗೂ ಬಳಸುವ ಮುರಕಲ್ಲೇ. ಗೋಡೆಯ ತೂತುಗಳು ಕೆಲವು ಮೇಲ್ಮುಖವಾಗಿ, ಕೆಲವು ಕೆಳಮುಖವಾಗಿ ಏಕಿವೆ? ಒಂದರಿಂದ ದೂರದ ಹಡಗಿನ ಮೇಲೆ ಕಣ್ಣು, ಇನ್ನೊಂದರಿಂದ ಗೋಡೆಯ ಬುಡಕ್ಕೆ ಬಂದವನ ಮೇಲೆ ಕಣ್ಣು. ಕಡಲ ಅಂಚಿನಲ್ಲಿ ಕುಡಿಯುವ ನೀರು ಎಲ್ಲಿಂದ? ಮೆಟ್ಟಿಲಿಳಿದು ಹೋಗುವ ಕೊಳವನ್ನು ತೋರಿಸಿ. ಎತ್ತರದ ವೀಕ್ಷಣಾ ಗೋಪುರವನ್ನು ಹತ್ತಿ ನಿಂತಾಗ ತೆಂಕಣದಿಂದ ಬಡಗಣದವರೆಗೆ ಎಷ್ಟು ದೂರ ಕಾಣುತ್ತದೆ ಎಂದು ಅವರೇ ಅಳೆಯಲಿ. ಮಕ್ಕಳಿಗೆ ಮಾರ್ಗದರ್ಶಕನ ಭಾಷಣಕ್ಕಿಂತ ಇದು ಹೆಚ್ಚು ನೆನಪಿರುತ್ತದೆ.

ಈ ಒಂದು ಕೋಟೆ ಎಷ್ಟು ಯಜಮಾನರನ್ನು ಕಂಡಿದೆ! ಕೆಳದಿಯ ನಾಯಕರು, 1763ರಲ್ಲಿ ಹೈದರಾಲಿ, ಅನಂತರ ಟಿಪ್ಪು, 1799ರ ಬಳಿಕ ಈಸ್ಟ್ ಇಂಡಿಯಾ ಕಂಪೆನಿ. ಒಂದು ಕಾಲಕ್ಕೆ ದಕ್ಷಿಣ ಕನ್ನಡದಲ್ಲಿ ಬೇಕಲ ತಾಲೂಕು ಎಂದೇ ಇತ್ತು. 1862ರಲ್ಲಿ ಅದು ಹೋಗಿ ಕಾಸರಗೋಡು ತಾಲೂಕು ಬಂತು. 1956ರ ನವೆಂಬರ್ 1ರಂದು ನಾವು ಕೇರಳದವರಾದೆವು. 1984ರಲ್ಲಿ ಕಾಸರಗೋಡು ಜಿಲ್ಲೆಯಾಯಿತು. ಕೋಟೆ ನಿಂತಲ್ಲೇ ನಿಂತಿದೆ, ಗಡಿಗಳು ಅದರ ಸುತ್ತ ಓಡಾಡಿವೆ. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಒಂದು, ಪೇಟೆಯಲ್ಲಿ ಇನ್ನೊಂದು ಆಡುತ್ತ ಬೆಳೆಯುವ ನಮ್ಮ ಮಕ್ಕಳಿಗೆ ‘ನೀವು ಎಲ್ಲಿಯವರು?’ ಎಂಬ ಪ್ರಶ್ನೆ ಮುಂದೆ ಎಲ್ಲಿ ಹೋದರೂ ಎದುರಾಗುತ್ತದೆ. ಅದಕ್ಕೆ ಸಂಕೋಚವಿಲ್ಲದೆ ಉತ್ತರ ಹೇಳುವ ಧೈರ್ಯ ಇಂಥ ಜಾಗಗಳಲ್ಲಿ ಸಿಗುತ್ತದೆ.

ಕಯ್ಯೂರಿನ ನಾಲ್ಕು ಹೆಸರು

ಚೆರ್ವತ್ತೂರಿನ ಹತ್ತಿರ, ತೇಜಸ್ವಿನಿ ಹೊಳೆಯ ದಡದಲ್ಲಿ ಕಯ್ಯೂರು ಎಂಬ ಹಳ್ಳಿಯಿದೆ. ಅಲ್ಲಿ ಹುತಾತ್ಮರ ಸ್ಮಾರಕವಿದೆ. ಭೂಮಾಲಿಕರ ಮತ್ತು ಬ್ರಿಟಿಷ್ ಸರಕಾರದ ದಬ್ಬಾಳಿಕೆಯ ವಿರುದ್ಧ ಅಲ್ಲಿನ ಗೇಣಿ ರೈತರು ಸಂಘ ಕಟ್ಟಿ ಹೋರಾಡಿದರು. 1941ರ ಮಾರ್ಚ್ 28ರಂದು ಒಂದು ಮೆರವಣಿಗೆಯ ವೇಳೆ ಗಲಾಟೆಯಾಗಿ ಸುಬ್ಬರಾಯನ್ ಎಂಬ ಪೊಲೀಸ್ ಪೇದೆ ಹೊಳೆಗೆ ಹಾರಿ ಪ್ರಾಣ ಕಳೆದುಕೊಂಡ. ಮೊಕದ್ದಮೆ ನಡೆದು 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ನಾಲ್ವರನ್ನು ಗಲ್ಲಿಗೇರಿಸಲಾಯಿತು. ಮಠತ್ತಿಲ್ ಅಪ್ಪು, ಕೋಯಿತ್ತಾಟಿಲ್ ಚಿರುಕಂಡನ್, ಪೊಡೋರ ಕುಂಞಂಬು ನಾಯರ್, ಪಳ್ಳಿಕ್ಕಲ್ ಅಬೂಬಕರ್. ಐದನೆಯವನಾದ ಚೂರಿಕ್ಕಾಡನ್ ಕೃಷ್ಣನ್ ನಾಯರ್‌ಗೆ ಪ್ರಾಯ ತುಂಬಿರಲಿಲ್ಲ ಎಂಬ ಕಾರಣಕ್ಕೆ ಗಲ್ಲು ತಪ್ಪಿತು.

ಈ ಕತೆಯನ್ನು ಕಾದಂಬರಿ ಮಾಡಿದವರು ಕನ್ನಡದ ನಿರಂಜನ. ಅವರ ‘ಚಿರಸ್ಮರಣೆ’ 1955ರಲ್ಲಿ ಬಂತು. ಮಲಯಾಳದ ನೆಲದಲ್ಲಿ ನಡೆದ ಹೋರಾಟ ಕನ್ನಡದಲ್ಲಿ ಕಾದಂಬರಿಯಾಯಿತು ಎಂಬುದನ್ನು ನಮ್ಮ ಮಕ್ಕಳು ತಿಳಿಯಬೇಡವೇ? ಪ್ರೌಢಶಾಲೆಯ ಮಕ್ಕಳು ಹೋಗುವ ಮೊದಲು ಅದರ ಒಂದೆರಡು ಅಧ್ಯಾಯವನ್ನಾದರೂ ತರಗತಿಯಲ್ಲಿ ಓದಿಸಬಹುದು.

ಕೆಲವರು ಕೇಳಿಯಾರು, ‘ಫಾದರ್, ಅದು ಒಂದು ಪಕ್ಷದವರ ಜಾಗವಲ್ಲವೇ?’ ಎಂದು. ಅವರ ಪಕ್ಷವನ್ನು ನಾವು ಒಪ್ಪಬೇಕೆಂದಿಲ್ಲ. ಆದರೆ ಬಡ ಗೇಣಿದಾರನ ಮಗ ಗಲ್ಲಿನವರೆಗೆ ಏಕೆ ಹೋದ ಎಂದು ಕೇಳಲು ಪಕ್ಷ ಬೇಡ. ಆ ನಾಲ್ವರಲ್ಲಿ ಬೇರೆ ಬೇರೆ ಸಮುದಾಯದವರಿದ್ದರು, ಒಬ್ಬರು ಮುಸಲ್ಮಾನರು. ಒಟ್ಟಿಗೆ ಬದುಕಿದವರು ಒಟ್ಟಿಗೆ ಸತ್ತರು. ಅದೇ ಹೊತ್ತಿಗೆ ಹೊಳೆಯಲ್ಲಿ ಸತ್ತ ಪೇದೆಯ ಬಗ್ಗೆಯೂ ಮಕ್ಕಳು ಒಂದು ಕ್ಷಣ ಯೋಚಿಸಲಿ. ಅವನಿಗೂ ಒಬ್ಬ ತಾಯಿ ಇದ್ದಳಲ್ಲವೇ? ಅವನು ಯಾರ ಆಜ್ಞೆಗೆ ಯಾರನ್ನು ಹೊಡೆಯುತ್ತಿದ್ದ? ಇದಕ್ಕೆ ಪಠ್ಯಪುಸ್ತಕದ ಕೊನೆಯಲ್ಲಿ ಉತ್ತರ ಕೊಟ್ಟಿರುವುದಿಲ್ಲ. ಮಕ್ಕಳೇ ಹುಡುಕಬೇಕು, ನಾವು ಜತೆಗಿರಬೇಕು.

ಸ್ಮಾರಕಕ್ಕೆ ಹೋದಾಗ ಇನ್ನೊಂದು ಮಾತು. ಅಲ್ಲಿ ಮೊದಲು ಮೊಬೈಲು ತೆಗೆಯುವುದು ಬೇಡ. ಐದು ನಿಮಿಷ ಸುಮ್ಮನೆ ನಿಲ್ಲಲಿ. ಒಬ್ಬ ವಿದ್ಯಾರ್ಥಿ ಆ ಹೆಸರುಗಳನ್ನು ಗಟ್ಟಿಯಾಗಿ ಓದಲಿ. ಆಮೇಲೆ ಬೇಕಾದರೆ ಫೋಟೋ ತೆಗೆಯಲಿ. ಸತ್ತವರ ಹೆಸರನ್ನು ಓದುವಾಗ ಹೇಗೆ ನಿಲ್ಲಬೇಕೆಂದು ಸಮಾಧಿ ಭೂಮಿಯಲ್ಲಿ ನಮ್ಮ ಮಕ್ಕಳು ಈಗಾಗಲೇ ಕಲಿತಿದ್ದಾರೆ. ಅದೇ ಶಿಸ್ತು ಇಲ್ಲಿಯೂ ಸಾಕು.

ಇದೇ ರೀತಿ ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈಯವರ ಮನೆ, ಗಿಳಿವಿಂಡು ಇದೆ. 1883ರಲ್ಲಿ ಹುಟ್ಟಿದ ಪೈಯವರಿಗೆ ಮದ್ರಾಸ್ ಸರಕಾರ 1949ರಲ್ಲಿ ರಾಷ್ಟ್ರಕವಿ ಎಂಬ ಬಿರುದು ಕೊಟ್ಟಿತು. ಯೇಸುಸ್ವಾಮಿಯ ಕೊನೆಯ ದಿನವನ್ನು ಕುರಿತು ಅವರು ‘ಗೊಲ್ಗೊಥಾ’ ಎಂಬ ಖಂಡಕಾವ್ಯ ಬರೆದಿದ್ದಾರೆ. ಕ್ರೈಸ್ತರಲ್ಲದ ನೆರೆಯ ಕವಿಯೊಬ್ಬರು ನಮ್ಮ ಶುಭ ಶುಕ್ರವಾರವನ್ನು ಕನ್ನಡದ ಕಾವ್ಯ ಮಾಡಿದ ಊರು ನಮ್ಮಿಂದ ಒಂದು ಗಂಟೆಯ ದಾರಿಯೊಳಗಿದೆ. ನಮ್ಮಲ್ಲಿ ಎಷ್ಟು ಮನೆಯವರು ಅಲ್ಲಿಗೆ ಹೋಗಿದ್ದೇವೆ? ದಕ್ಷಿಣಕ್ಕೆ ಹೋದರೆ ಪಯ್ಯನ್ನೂರು. 1930ರಲ್ಲಿ ಕೆ. ಕೇಳಪ್ಪನ್ ಕೋಝಿಕ್ಕೋಡಿನಿಂದ ನಡೆದು ಬಂದು ಉಪ್ಪು ಕಾಯಿಸಿದ ಊರು. 1934ರಲ್ಲಿ ಗಾಂಧೀಜಿ ಅಲ್ಲಿ ಸ್ವಾಮಿ ಆನಂದತೀರ್ಥರ ಆಶ್ರಮದಲ್ಲಿ ಒಂದು ಮಾವಿನ ಗಿಡ ನೆಟ್ಟರು. ದಾಂಡಿಯನ್ನು ಪಾಠದಲ್ಲಿ ಓದುವ ಮಗುವಿಗೆ ಪಯ್ಯನ್ನೂರು ತೋರಿಸಿದರೆ, ಸ್ವಾತಂತ್ರ್ಯದ ಹೋರಾಟ ಎಲ್ಲೋ ಗುಜರಾತಿನಲ್ಲಿ ಮಾತ್ರ ನಡೆದದ್ದಲ್ಲ ಎಂದು ತಿಳಿಯುತ್ತದೆ.

ಮನೆಯಲ್ಲೇ ಉಳಿದ ಮಗು

ಈಗ ಹಣದ ಮಾತಿಗೆ ಬರೋಣ. ಕಳೆದ ವರ್ಷ ಒಂದು ಭಾನುವಾರ ಬಲಿಪೂಜೆಯ ಬಳಿಕ ಒಬ್ಬ ತಾಯಿ ನನ್ನ ಕೋಣೆಗೆ ಬಂದರು. ಬೀಡಿ ಕಟ್ಟಿ ಮನೆ ನಡೆಸುವವರು. ‘ಫಾದರ್, ಮಗಳು ಪ್ರವಾಸಕ್ಕೆ ಹೋಗುವುದಿಲ್ಲ ಎನ್ನುತ್ತಿದ್ದಾಳೆ. ಬಸ್ಸಿನಲ್ಲಿ ವಾಂತಿ ಬರುತ್ತದಂತೆ. ಸಣ್ಣವಳಿರುವಾಗ ಎಂದೂ ಬಂದದ್ದಿಲ್ಲ’ ಎಂದರು. ಸ್ವಲ್ಪ ಸುಮ್ಮನಿದ್ದು ಅವರೇ ಹೇಳಿದರು: ‘ಅವಳಿಗೆ ನಮ್ಮ ಕಷ್ಟ ಗೊತ್ತು ಫಾದರ್.’

ಎಂಟನೆಯ ತರಗತಿಯ ಹುಡುಗಿ ಅಮ್ಮನ ಮರ್ಯಾದೆ ಕಾಯಲು ವಾಂತಿಯ ನೆಪ ಹೇಳಿದ್ದಳು. ಇಂಥ ನೆಪಗಳು ನಮ್ಮ ಶಾಲೆಗಳಲ್ಲಿ ಎಷ್ಟಿರಬಹುದು! ಜ್ವರ, ಅಜ್ಜಿಗೆ ಸೌಖ್ಯವಿಲ್ಲ, ಮನೆಯಲ್ಲಿ ಮದುವೆ. ಅಧ್ಯಾಪಕರು ಹಾಜರಿ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಾರೆ, ಬಸ್ಸು ಹೊರಡುತ್ತದೆ. ಮೂರು ದಿನದ ಬಳಿಕ ಉಳಿದವರು ಹಾಡು, ಜೋಕು, ಫೋಟೋ ಹೊತ್ತು ಬರುತ್ತಾರೆ. ಮುಂದಿನ ಒಂದು ತಿಂಗಳು ತರಗತಿಯಲ್ಲಿ ಅದೇ ಮಾತು. ಹೋಗದ ಮಗು ಅದನ್ನು ಕೇಳುತ್ತ ಕುಳಿತಿರಬೇಕು. ಶೈಕ್ಷಣಿಕ ಪ್ರವಾಸವೆಂದರೆ ಅದೂ ತರಗತಿಯೇ ತಾನೆ? ಹಣವಿಲ್ಲದ ಮಗುವನ್ನು ಗಣಿತದ ತರಗತಿಯಿಂದ ಹೊರಗೆ ನಿಲ್ಲಿಸುತ್ತೇವೆಯೇ?

ಪ್ರವಾಸದ ವೆಚ್ಚ ಎಲ್ಲರ ಕೈಗೆಟಕುವಂತಿರಬೇಕು, ಹಣದ ಕಾರಣಕ್ಕೆ ಯಾವ ಮಗುವೂ ಹೊರಗುಳಿಯಬಾರದು ಎಂದು ಕೇರಳದ ಶಿಕ್ಷಣ ಇಲಾಖೆ 2024ರಲ್ಲಿ ಶಾಲೆಗಳಿಗೆ ಸೂಚನೆ ಕೊಟ್ಟಿದೆ. ಸೂಚನೆ ಕಾಗದದಲ್ಲಿದೆ, ಅದನ್ನು ಜಾರಿಗೆ ತರಬೇಕಾದವರು ರಕ್ಷಕ ಶಿಕ್ಷಕ ಸಂಘದಲ್ಲಿ ಕುಳಿತಿರುವ ನಾವೇ. ದಾರಿ ಕಷ್ಟದ್ದಲ್ಲ. ಬೇಕಲ, ಕಯ್ಯೂರು ಎರಡನ್ನೂ ಒಂದೇ ಹಗಲಲ್ಲಿ ನೋಡಿ ಬರಬಹುದು. ಕೋಣೆ ಬಾಡಿಗೆಯಿಲ್ಲ, ರಾತ್ರಿ ಊಟವಿಲ್ಲ. ಮಧ್ಯಾಹ್ನಕ್ಕೆ ಮನೆಯಿಂದ ಬುತ್ತಿ. ಭಾರತೀಯ ಪುರಾತತ್ವ ಇಲಾಖೆಯ ಸ್ಮಾರಕಗಳಿಗೆ 15 ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಉಚಿತ, ಬೇಕಲವೂ ಅದರಲ್ಲಿ ಸೇರಿದೆ. ಉಳಿಯುವುದು ಬಸ್ಸಿನ ಬಾಡಿಗೆ ಮಾತ್ರ. ಅದನ್ನು ತರಗತಿಗೆ ಹಂಚಿದರೆ ಬೀಡಿ ಕಟ್ಟುವ ತಾಯಿಗೂ ತಲೆ ತಗ್ಗಿಸಬೇಕಾಗಿಲ್ಲ. ಆಗಲೂ ಕಷ್ಟವಿರುವ ಎರಡು ಮೂರು ಮಕ್ಕಳ ಪಾಲನ್ನು ಸಂಘವೇ ಸದ್ದಿಲ್ಲದೆ ತುಂಬಲಿ. ಯಾರ ಹಣ ಯಾರು ಕೊಟ್ಟರೆಂದು ಮಕ್ಕಳಿಗೆ ಗೊತ್ತಾಗುವುದು ಬೇಡ.

ಕ್ಷೇಮವಾಗಿ ಮರಳಲಿ

ಮೂರನೆಯ ಸಂಗತಿ ಹೇಳಲು ಮನಸ್ಸು ಭಾರವಾಗುತ್ತದೆ, ಆದರೆ ಹೇಳಲೇಬೇಕು. 2007ರ ಫೆಬ್ರವರಿ 20ರಂದು ಪೆರಿಯಾರ್ ನದಿಯ ತಟ್ಟೇಕಾಡಿನಲ್ಲಿ ಶಾಲಾ ಪ್ರವಾಸದ ದೋಣಿ ಮುಳುಗಿ 15 ಮಕ್ಕಳು, ಅವರ ಜತೆಗಿದ್ದ ಮೂವರು ಶಾಲಾ ಸಿಬ್ಬಂದಿ ತೀರಿಕೊಂಡರು. ತಾಳುವುದಕ್ಕಿಂತ ಎಷ್ಟೋ ಹೆಚ್ಚು ಜನರನ್ನು ಆ ದೋಣಿಗೆ ಹತ್ತಿಸಲಾಗಿತ್ತು. 2022ರ ಅಕ್ಟೋಬರ್ 5ರ ರಾತ್ರಿ ಊಟಿಗೆ ಹೊರಟಿದ್ದ ಶಾಲಾ ಪ್ರವಾಸದ ಬಸ್ಸು ಪಾಲಕ್ಕಾಡು ಜಿಲ್ಲೆಯ ವಡಕ್ಕಂಚೇರಿಯ ಬಳಿ ಮುಂದೆ ಹೋಗುತ್ತಿದ್ದ ಸರಕಾರಿ ಬಸ್ಸಿನ ಹಿಂಬದಿಗೆ ಬಡಿಯಿತು. ಐವರು ವಿದ್ಯಾರ್ಥಿಗಳು, ಒಬ್ಬ ಅಧ್ಯಾಪಕರು, ಸರಕಾರಿ ಬಸ್ಸಿನ ಮೂವರು ಪ್ರಯಾಣಿಕರು, ಒಟ್ಟು ಒಂಬತ್ತು ಜೀವ ಹೋಯಿತು. ಬಸ್ಸು ಮಿತಿಮೀರಿದ ವೇಗದಲ್ಲಿತ್ತು. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಮುರುಡೇಶ್ವರಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಕಡಲಿನ ಪಾಲಾದರು.

ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿ. ತುಂಬಿದ ದೋಣಿ, ರಾತ್ರಿಯ ಓಟ, ಕಾವಲಿಲ್ಲದ ನೀರು. ಪಟ್ಟಿಯಲ್ಲಿ ಜಾಗಗಳು ಹೆಚ್ಚಾದಷ್ಟೂ ರಾತ್ರಿ ಓಡುವುದು ಅನಿವಾರ್ಯವಾಗುತ್ತದೆ. ಹಗಲೆಲ್ಲ ನೋಡಬೇಕು, ಆದ್ದರಿಂದ ರಾತ್ರಿಯೆಲ್ಲ ಓಡಬೇಕು, ಚಾಲಕ ಎಚ್ಚರವಿರಬೇಕು. ವಡಕ್ಕಂಚೇರಿಯ ದುರಂತದ ಬಳಿಕ ಕೇರಳದಲ್ಲಿ ಶಾಲಾ ಪ್ರವಾಸದ ಬಸ್ಸು ರಾತ್ರಿ ಹೊತ್ತು ಓಡಬಾರದೆಂದು, ಬಸ್ಸಿನ ವಿವರವನ್ನು ಮೊದಲೇ ಮೋಟಾರು ವಾಹನ ಇಲಾಖೆಗೆ ತಿಳಿಸಬೇಕೆಂದು ಸರಕಾರ ಕಟ್ಟುನಿಟ್ಟಾಗಿ ಹೇಳಿದೆ. ಸಹಿ ಹಾಕುವ ಮೊದಲು ಇದನ್ನು ಕೇಳುವ ಹಕ್ಕು ನಿಮಗಿದೆ. ರಾತ್ರಿ ಬಸ್ಸು ಎಲ್ಲಿರುತ್ತದೆ? ಚಾಲಕರು ಎಷ್ಟು ಮಂದಿ? ನೀರಿಗೆ ಇಳಿಸುತ್ತೀರಾ? ಹುಡುಗಿಯರ ಜತೆ ಅಧ್ಯಾಪಿಕೆಯರು ಎಷ್ಟು ಮಂದಿ? ಹೀಗೆ ಕೇಳಿದರೆ ಅಧ್ಯಾಪಕರ ಮೇಲೆ ಅಪನಂಬಿಕೆ ಎಂದಾಗುವುದಿಲ್ಲ. ಐವತ್ತು ಮಕ್ಕಳನ್ನು ಎಣಿಸುತ್ತ ನಿದ್ದೆಗೆಡುವ ಅಧ್ಯಾಪಕರ ಕಷ್ಟ ಅದರಿಂದ ಹಗುರವೇ ಆಗುತ್ತದೆ.

ದೂರ ಹೋಗುವುದಾದರೆ

ಹಾಗಾದರೆ ಮಕ್ಕಳು ದೂರ ಹೋಗಲೇಬಾರದೇ? ಹೋಗಲಿ. ದೊಡ್ಡ ತರಗತಿಯವರು ಎರಡು ಮೂರು ದಿನ ಹೋಗಲಿ. ಆದರೆ ಅಲ್ಲಿಯೂ ಒಂದೇ ಊರನ್ನು ಹಿಡಿದುಕೊಳ್ಳಲಿ. ನನ್ನನ್ನು ಕೇಳಿದರೆ ನಮ್ಮ ಮಕ್ಕಳು ತಪ್ಪದೆ ನೋಡಬೇಕಾದ ಊರು ಶ್ರೀರಂಗಪಟ್ಟಣ. ಅಲ್ಲಿ ನೋಡುವುದು ಸುಲಭ, ಅದರ ಬಗ್ಗೆ ಮಾತಾಡುವುದು ಕಷ್ಟ. ಆ ಕಷ್ಟಕ್ಕಾಗಿಯೇ ಹೋಗಬೇಕು ಎನ್ನುತ್ತೇನೆ.

1784ರಲ್ಲಿ ಟಿಪ್ಪು ಸುಲ್ತಾನ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದ. ಯುದ್ಧದಲ್ಲಿ ಅವರು ಇಂಗ್ಲಿಷರಿಗೆ ನೆರವಾದರೆಂಬುದು ಅವನ ಆರೋಪ. ಎಷ್ಟು ಜನ ಎಂಬುದರಲ್ಲಿ ಇತಿಹಾಸಕಾರರಲ್ಲಿ ಒಮ್ಮತವಿಲ್ಲ, 30 ಸಾವಿರದಿಂದ 80 ಸಾವಿರದವರೆಗೆ ಬೇರೆ ಬೇರೆ ಲೆಕ್ಕಗಳಿವೆ. ದಾರಿಯಲ್ಲೂ ಸೆರೆಯಲ್ಲೂ ಸಾವಿರಾರು ಜನ ಸತ್ತರು. 1799ರ ಮೇ 4ರಂದು ಟಿಪ್ಪು ಮಡಿದ ಮೇಲಷ್ಟೇ ಉಳಿದವರು ಮರಳಿ ಬಂದರು. ನಮ್ಮಲ್ಲಿ ಅನೇಕರ ಮನೆತನದ ಕತೆ ಹೀಗೆ ಮರಳಿ ಬಂದವರಿಂದ ಶುರುವಾಗುತ್ತದೆ. ಅದೇ ಟಿಪ್ಪು ಇಂಗ್ಲಿಷರಿಗೆ ತಲೆಬಾಗದೆ ಕೋಟೆಯ ಬಾಗಿಲಲ್ಲೇ ಹೋರಾಡಿ ಸತ್ತ ಅರಸನೂ ಹೌದು. ನಮ್ಮ ಮಗುವಿನ ಪಕ್ಕದ ಸೀಟಿನಲ್ಲಿ ಕುಳಿತ ಗೆಳೆಯನ ಮನೆಯಲ್ಲಿ ಅವನು ವೀರ, ನಮ್ಮ ಅಜ್ಜಿಯರ ಬಾಯಲ್ಲಿ ಅವನು ಬೇರೆ. ಎರಡೂ ನೆನಪು ಒಂದೇ ಬಸ್ಸಿನಲ್ಲಿ ಪ್ರಯಾಣ ಮಾಡುತ್ತವೆ.

ಆಗ ಏನು ಮಾಡಬೇಕು? ಒಂದು ನೆನಪನ್ನು ಮುಚ್ಚಿಡುವುದು ಸುಳ್ಳು. ಒಂದು ನೆನಪನ್ನು ಎತ್ತಿ ಪಕ್ಕದ ಗೆಳೆಯನ ಮುಖಕ್ಕೆ ಹೊಡೆಯುವುದು ಪಾಪ. 240 ವರ್ಷದ ಹಿಂದಿನ ಅರಸನ ಲೆಕ್ಕವನ್ನು ಇವತ್ತಿನ ಹದಿನಾಲ್ಕರ ಹುಡುಗನಿಂದ ಕೇಳುವುದು ಎಲ್ಲಿಯ ನ್ಯಾಯ? ಮಕ್ಕಳು 1784ರಲ್ಲೇ ಕಟ್ಟಿದ ದರಿಯಾ ದೌಲತ್‌ನ ಗೋಡೆಯ ಚಿತ್ರಗಳನ್ನು ನೋಡಲಿ, ಅದೇ ವರ್ಷ ಘಟ್ಟದ ದಾರಿಯಲ್ಲಿ ನಡೆದವರನ್ನೂ ನೆನೆಯಲಿ. ರಂಗನಾಥನ ಗುಡಿ, ಜಾಮಿಯಾ ಮಸೀದಿ, ಟಿಪ್ಪುವಿನ ದೇಹ ಸಿಕ್ಕಿದ ಜಾಗ, ಹೈದರನ ಗುಂಬಜ್ ಎಲ್ಲವನ್ನೂ ನೋಡಲಿ. ಕೊನೆಯಲ್ಲಿ ಗಂಜಾಮಿನ ಅಬ್ಬೆ ದುಬ್ವಾ ಚರ್ಚಿಗೆ ಹೋಗಲಿ. 1799ರ ಬಳಿಕ ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸಲು ಬಂದ ಫ್ರೆಂಚ್ ಧರ್ಮಗುರು ಅವರು. ತಮ್ಮವರನ್ನು ನೋಡಿಕೊಂಡದ್ದಲ್ಲದೆ, ಸಿಡುಬಿನ ವಿರುದ್ಧ ಹೊಸದಾಗಿ ಬಂದಿದ್ದ ಲಸಿಕೆಯನ್ನು ಮೈಸೂರು ಸೀಮೆಯ ಸಾವಿರಾರು ಜನರಿಗೆ ಹಾಕಿಸಲು ದುಡಿದರು. ಸಿಡುಬು ಜಾತಿ ಕೇಳುವುದಿಲ್ಲ, ಅವರೂ ಕೇಳಲಿಲ್ಲ. ಒಂದು ಕಹಿ ನೆನಪಿನ ಊರಿಂದ ಮಗು ಮನೆಗೆ ತರಬೇಕಾದದ್ದು ಇದನ್ನು.

ದೆಹಲಿಗೆ ಹೋಗುವ ಅವಕಾಶ ಸಿಕ್ಕಿದ ಮಕ್ಕಳಿಗೂ ಇದೇ ಮಾತು. 1931ರ ಇಂಡಿಯಾ ಗೇಟಿನ ಪಕ್ಕದಲ್ಲಿ 2019ರ ಫೆಬ್ರವರಿ 25ರಂದು ರಾಷ್ಟ್ರೀಯ ಯುದ್ಧ ಸ್ಮಾರಕ ತೆರೆಯಿತು. ಸ್ವಾತಂತ್ರ್ಯದ ಬಳಿಕ ಪ್ರಾಣ ಕೊಟ್ಟ 25 ಸಾವಿರಕ್ಕೂ ಹೆಚ್ಚು ಯೋಧರ ಹೆಸರುಗಳನ್ನು ಅಲ್ಲಿನ ಕಲ್ಲುಗಳಲ್ಲಿ ಕೆತ್ತಿದ್ದಾರೆ. ಅಷ್ಟನ್ನೂ ಯಾರೂ ಓದಲಾರರು. ಆದರೆ ಊರಿನ ಅಥವಾ ಜಿಲ್ಲೆಯ ಒಬ್ಬ ಯೋಧನ ಹೆಸರನ್ನು ಮೊದಲೇ ತಿಳಿದುಕೊಂಡು ಹೋಗಿ, ಅದನ್ನು ಹುಡುಕಿ, ಅದರ ಮುಂದೆ ಒಂದು ನಿಮಿಷ ನಿಲ್ಲಬಹುದು. ಒಂದು ಹೆಸರು ಸಿಕ್ಕಿದ ಮಗು ಉಳಿದ ಹೆಸರುಗಳನ್ನೂ ಬೇರೆ ಕಣ್ಣಿಂದ ನೋಡುತ್ತದೆ.

ಮನೆಯವರು ಮಾಡಬಹುದಾದದ್ದು

ಇದೆಲ್ಲ ಅಧ್ಯಾಪಕರ ಕೆಲಸ ಎಂದು ಕೈ ತೊಳೆದುಕೊಳ್ಳುವುದು ಬೇಡ. ಮನೆಯಲ್ಲಿ ಮಾಡುವ ಕೆಲಸಗಳಿವೆ, ಒಂದಕ್ಕೂ ದುಡ್ಡು ಬೇಡ.

ಹೊರಡುವ ವಾರ ಊಟದ ಹೊತ್ತಿಗೆ ಆ ಊರಿನ ಬಗ್ಗೆ ಮಾತೆತ್ತಿ. ಅಜ್ಜ ಅಜ್ಜಿ ಇದ್ದರೆ ಅವರು ಕೇಳಿದ ಕತೆ ಹೇಳಲಿ. ಮಗು ಮೂರು ಪ್ರಶ್ನೆ ಬರೆದುಕೊಂಡು ಹೋಗಲಿ, ಅಲ್ಲಿ ಉತ್ತರ ಹುಡುಕಲಿ.

ಚೀಲಕ್ಕೆ ಒಂದು ಸಣ್ಣ ನೋಟ್‌ಬುಕ್ಕು, ಪೆನ್ಸಿಲು ಹಾಕಿ. ನೂರು ಫೋಟೋ ತೆಗೆಯುವುದಕ್ಕಿಂತ ಗೋಡೆಯ ಒಂದು ತೂತಿನ ಚಿತ್ರ ಕೈಯಲ್ಲಿ ಬಿಡಿಸಿದ ಮಗು ಅದನ್ನು ಹೆಚ್ಚು ನೋಡಿರುತ್ತದೆ.

ಕೈಖರ್ಚಿನ ಹಣಕ್ಕೆ ಒಂದು ಮಿತಿ ಇರಲಿ. ಒಬ್ಬನ ಜೇಬಿನಲ್ಲಿ ಸಾವಿರ, ಇನ್ನೊಬ್ಬನ ಜೇಬಿನಲ್ಲಿ ಐವತ್ತು ಎಂದರೆ ಬಸ್ಸಿನಲ್ಲಿ ಎರಡು ಊರಾಗುತ್ತದೆ. ತರಗತಿಯ ತಂದೆತಾಯಂದಿರು ಕೂಡಿ ಎಲ್ಲರಿಗೂ ಒಂದೇ ಮೊತ್ತ ಎಂದು ನಿರ್ಧರಿಸಬಹುದು.

ಅಲ್ಲಿ ಗೋಡೆಯ ಮೇಲೆ ಹೆಸರು ಗೀಚಬಾರದೆಂದು, ಪ್ಲಾಸ್ಟಿಕ್ ಎಸೆಯಬಾರದೆಂದು, ದೇವಾಲಯವಾಗಲಿ ಮಸೀದಿಯಾಗಲಿ ಅಲ್ಲಿಯ ಕ್ರಮದಂತೆ ನಡೆದುಕೊಳ್ಳಬೇಕೆಂದು ಮನೆಯಲ್ಲೇ ಹೇಳಿ ಕಳಿಸಿ. ನಮ್ಮ ಚರ್ಚಿಗೆ ಬಂದವರು ಹೇಗಿರಬೇಕೆಂದು ನಾವು ಬಯಸುತ್ತೇವೋ ಹಾಗೆ.

ಮರಳಿ ಬಂದ ದಿನ ‘ಮಜಾ ಬಂತಾ?’ ಎಂದು ಮಾತ್ರ ಕೇಳಬೇಡಿ. ‘ಅಲ್ಲಿ ನಿನಗೆ ಅರ್ಥವಾಗದೆ ಉಳಿದದ್ದು ಏನು?’ ಎಂದು ಕೇಳಿ. ಅದಕ್ಕೆ ಉತ್ತರ ನಮಗೂ ಗೊತ್ತಿರಲಿಕ್ಕಿಲ್ಲ. ಒಟ್ಟಿಗೆ ಹುಡುಕಿದರಾಯಿತು.

ಶಾಲೆ ಮಾಡದಿದ್ದರೆ ನಮ್ಮ ವಾಳೆಗಳೇ ಮಾಡಬಹುದಲ್ಲ? ಕ್ರಿಸ್ಮಸ್ ರಜೆಯಲ್ಲಿ ಒಂದು ಶನಿವಾರ, ಒಂದು ಬಸ್ಸು, ಬುತ್ತಿಯ ಊಟ. ಬೆಳಿಗ್ಗೆ ಮಂಜೇಶ್ವರದ ಗಿಳಿವಿಂಡು, ಮಧ್ಯಾಹ್ನದ ಮೇಲೆ ಬೇಕಲ, ಕತ್ತಲಾಗುವ ಮೊದಲು ಮನೆ. ಅಜ್ಜ ಅಜ್ಜಿಯರಿಗೆ ಮುಂದಿನ ಸೀಟು. ನೆರೆಮನೆಯ ಹಿಂದೂ, ಮುಸ್ಲಿಂ ಮಕ್ಕಳು ಬರುತ್ತೇವೆಂದರೆ ಅವರಿಗೂ ಜಾಗ. ಗುರಿಕಾರರು ಮುಂದಿನ ಸಭೆಯಲ್ಲಿ ಈ ವಿಷಯ ಎತ್ತಲಿ. ಹಣದ ತೊಂದರೆ ಇರುವ ಮನೆಗಳ ಹೆಸರನ್ನು ಸಭೆಯಲ್ಲಿ ಹೇಳುವುದು ಬೇಡ, ನನ್ನ ಕಿವಿಗೆ ಹಾಕಿದರೆ ಸಾಕು. ಪಟ್ಟಿ ಮಾಡುವಾಗ ಬರುವವರನ್ನು ಮಾತ್ರ ಎಣಿಸಬೇಡಿ, ಬರದವರು ಯಾರು, ಏಕೆ ಎಂದೂ ಒಮ್ಮೆ ನೋಡಿ.